ಹುಟ್ಟಿದ ಊರು ಎಂಬ ಒಂದು ಸಾಲು: ಕೆನಡಾದ ವಿದೇಶಾಂಗ ಸಚಿವರಿಗೆ ಬಹಿರಂಗ ಪತ್ರ

ಗೆ,
ವಿದೇಶಾಂಗ ವ್ಯವಹಾರಗಳ ಸಚಿವರು,
ಕೆನಡಾ ಸರ್ಕಾರ, ಒಟ್ಟಾವ

ಮಾನ್ಯರೇ,

ವಿಷಯ: ಬೇರೆ ದೇಶದ ಮೂಲವಿರುವ ಕೆನಡಾ ನಾಗರಿಕರು ಪರದೇಶದಲ್ಲಿ ಬಂಧನಕ್ಕೊಳಗಾದಾಗ ಸಿಗಬೇಕಾದ ನೆರವನ್ನು ಕಾನೂನಿನ ಹಕ್ಕಾಗಿ ಮಾಡುವ ಕುರಿತು.

ಈ ಪತ್ರದ ಇಂಗ್ಲಿಷ್ ಪ್ರತಿಯೊಂದನ್ನು ತಮ್ಮ ಕಚೇರಿಗೆ ಅಂಚೆಯಲ್ಲಿ ಕಳುಹಿಸಿದ್ದೇನೆ. ಇದೇ ಮಾತನ್ನು ಕನ್ನಡದಲ್ಲಿ ಬಹಿರಂಗವಾಗಿ ಪ್ರಕಟಿಸುತ್ತಿರುವುದು, ಇದು ತಮಗೆ ಎಷ್ಟು ಸಲ್ಲುತ್ತದೆಯೋ ಈ ದೇಶದಲ್ಲಿ ನೆಲೆನಿಂತ ನನ್ನ ಭಾಷೆಯ ಜನರಿಗೂ ಅಷ್ಟೇ ಸಲ್ಲುತ್ತದೆ ಎಂಬ ಕಾರಣಕ್ಕೆ. ತುಮಕೂರು ಜಿಲ್ಲೆಯ ಶಿರಾ ತಾಲ್ಲೂಕಿನಲ್ಲಿ ಹುಟ್ಟಿದ ಚಂದ್ರ ಆರ್ಯ ಅವರು 2022ರ ಮೇ ತಿಂಗಳಲ್ಲಿ ಕೆನಡಾದ ಸಂಸತ್ತಿನಲ್ಲಿ ಎದ್ದುನಿಂತು ಕನ್ನಡದಲ್ಲಿ ಮಾತನಾಡಿದಾಗ ನಮ್ಮ ಮನೆಗಳಲ್ಲಿ ಹಬ್ಬದ ಸಡಗರವಿತ್ತು. ಹುಟ್ಟಿದ ನಾಡನ್ನು ಮರೆಯದೆಯೂ ಈ ದೇಶದ ಪೂರ್ಣ ಪ್ರಜೆಯಾಗಿರಬಹುದು ಎಂದು ಅಂದು ನಾವೆಲ್ಲ ಮತ್ತೊಮ್ಮೆ ನಂಬಿದೆವು. ಕೆನಡಾದ ನೆಲದ ಮೇಲೆ ನಿಂತಿರುವಷ್ಟು ಹೊತ್ತು ಆ ನಂಬಿಕೆಗೆ ಆಧಾರವಿದೆ. ವಿಮಾನ ಹತ್ತಿದ ಮೇಲೂ ಅದು ಉಳಿಯುತ್ತದೆಯೇ ಎಂಬುದು ನನ್ನ ಪ್ರಶ್ನೆ.

ನಾನು ತೀರ್ಥಹಳ್ಳಿಯಲ್ಲಿ ಹುಟ್ಟಿದವನು. ನನ್ನ ಕೆನಡಾ ಪಾಸ್‌ಪೋರ್ಟಿನಲ್ಲಿ ಪೌರತ್ವದ ಸಾಲಿನ ಜೊತೆಯಲ್ಲೇ ಹುಟ್ಟಿದ ಊರಿನ ಸಾಲೂ ಇದೆ. ಕೆಲವು ವರ್ಷಗಳ ಹಿಂದೆ ಮೂರನೆಯ ದೇಶವೊಂದರ ವಿಮಾನ ನಿಲ್ದಾಣದಲ್ಲಿ, ಒಂದು ವಿಮಾನದಿಂದ ಇಳಿದು ಇನ್ನೊಂದನ್ನು ಹಿಡಿಯಬೇಕಾಗಿದ್ದ ನಡುವಿನ ಹೊತ್ತಿನಲ್ಲಿ, ನನ್ನನ್ನು ಪಕ್ಕಕ್ಕೆ ಕರೆದು ಒಂದು ಕೋಣೆಯಲ್ಲಿ ಕೂರಿಸಿದರು. ಅಧಿಕಾರಿಯ ಬೆರಳು ಮತ್ತೆ ಮತ್ತೆ ಬಂದು ನಿಂತದ್ದು ಪೌರತ್ವದ ಮೇಲಲ್ಲ, ಹುಟ್ಟಿದ ಊರಿನ ಮೇಲೆ. ತಂದೆಯ ಹೆಸರೇನು, ತಾತ ಯಾವ ಊರಿನವರು, ಈ ಪಾಸ್‌ಪೋರ್ಟ್ ಸಿಕ್ಕುವ ಮೊದಲು ಯಾವ ದೇಶದವನಾಗಿದ್ದೆ, ಆ ದೇಶವನ್ನು ಏಕೆ ಬಿಟ್ಟೆ ಎಂದು ಎರಡೂವರೆ ಗಂಟೆ ಕೇಳಿದರು. ಕೈಲಿದ್ದ ಫೋನನ್ನು ಮೊದಲೇ ತೆಗೆದುಕೊಂಡಿದ್ದರು. ಆಮೇಲೆ ಒಂದು ಮಾತೂ ಹೇಳದೆ ಬಿಟ್ಟುಬಿಟ್ಟರು. ನನಗೆ ಆದದ್ದು ಏನೂ ಅಲ್ಲ, ಮುಂದೆ ಬರೆಯುವ ಸಂಗತಿಗಳ ಪಕ್ಕದಲ್ಲಿ ಅದನ್ನು ಹೇಳುವುದಕ್ಕೂ ಸಂಕೋಚವಾಗುತ್ತದೆ. ಆದರೆ ಆ ಕೋಣೆಯಲ್ಲಿ ಕುಳಿತಿದ್ದಾಗ, ನಾನಿಲ್ಲಿ ಇದ್ದೇನೆಂದು ಒಟ್ಟಾವದಲ್ಲಿ ಯಾರಿಗಾದರೂ ತಿಳಿದರೆ ಅವರು ನನಗಾಗಿ ಏನಾದರೂ ಮಾಡಲೇಬೇಕೆಂಬ ಕಟ್ಟುಪಾಡು ಇದೆಯೇ ಎಂಬ ಯೋಚನೆ ಬಂದಿತ್ತು. ಊರಿಗೆ ಮರಳಿದ ಮೇಲೆ ಓದಿ ತಿಳಿದುಕೊಂಡೆ. ಅಂಥ ಕಟ್ಟುಪಾಡು ಇಲ್ಲ.

ಎಲ್ಲರ ಮನಸ್ಸಿನಲ್ಲಿ ಇರುವ ಪ್ರಕರಣದಿಂದಲೇ ಆರಂಭಿಸುತ್ತೇನೆ. ಮಾಹೆರ್ ಅರಾರ್ ಸಿರಿಯಾದಲ್ಲಿ ಹುಟ್ಟಿ, ಹದಿಹರೆಯದಲ್ಲಿ ಕೆನಡಾಕ್ಕೆ ಬಂದು, 1991ರಲ್ಲಿ ಇಲ್ಲಿನ ಪ್ರಜೆಯಾಗಿ, ಒಟ್ಟಾವದಲ್ಲಿ ಎಂಜಿನಿಯರ್ ಆಗಿದ್ದವರು. 2002ರ ಸೆಪ್ಟೆಂಬರ್ 26ರಂದು ಟ್ಯುನೀಷಿಯಾದಿಂದ ಮನೆಗೆ ಹಿಂದಿರುಗುವ ದಾರಿಯಲ್ಲಿ ನ್ಯೂಯಾರ್ಕಿನ ಜಾನ್ ಎಫ್. ಕೆನಡಿ ನಿಲ್ದಾಣದಲ್ಲಿ ಅವರನ್ನು ಹಿಡಿದರು. ಅವರು ಹಿಡಿದುಕೊಂಡು ಹೊರಟಿದ್ದ ಪಾಸ್‌ಪೋರ್ಟ್ ಕೆನಡಾದ್ದು, ಮನೆ ಕೆನಡಾದಲ್ಲಿ, ಹೆಂಡತಿ ಮಕ್ಕಳು ಕೆನಡಾದವರು. ಅಮೆರಿಕದ ಅಧಿಕಾರಿಗಳು ಅವರನ್ನು ಗಡಿ ದಾಟಿಸಿ ಕೆನಡಾಕ್ಕೆ ಕಳುಹಿಸುವ ಬದಲು ಜೋರ್ಡಾನ್ ಮೂಲಕ ಸಿರಿಯಾಕ್ಕೆ ಸಾಗಿಸಿದರು. ಮೂರು ಅಡಿ ಅಗಲ, ಆರು ಅಡಿ ಉದ್ದದ, ಸಮಾಧಿಯಂಥ ಕತ್ತಲೆಯ ಕೋಣೆಯಲ್ಲಿ ಅವರು ಹತ್ತು ತಿಂಗಳು ಕಳೆದರು, ವಿದ್ಯುತ್ ತಂತಿಯಿಂದ ಹೊಡೆಸಿಕೊಂಡರು. ನಮ್ಮ ದೂತಾವಾಸದ ಅಧಿಕಾರಿ ಅವರನ್ನು ಕಂಡದ್ದುಂಟು. ಕಾವಲುಗಾರರ ಎದುರಿನಲ್ಲೇ ನಡೆದ ಆ ಭೇಟಿಗಳಲ್ಲಿ ಪೆಟ್ಟು ತಿಂದವನು ಪೆಟ್ಟಿನ ವಿಷಯ ಹೇಳುವ ಹಾಗಿರಲಿಲ್ಲ.

2006ರಲ್ಲಿ ನ್ಯಾಯಮೂರ್ತಿ ಡೆನಿಸ್ ಓಕಾನರ್ ಅವರ ವಿಚಾರಣಾ ಆಯೋಗವು, ಅರಾರ್ ಯಾವುದೇ ಅಪರಾಧ ಮಾಡಿದ್ದಾರೆ ಎನ್ನುವುದಕ್ಕೆ ಸಾಕ್ಷ್ಯವಿಲ್ಲ ಎಂದು ಸ್ಪಷ್ಟವಾಗಿ ಹೇಳಿತು. ಅದಕ್ಕಿಂತ ಕಹಿಯಾದ ಇನ್ನೊಂದು ಮಾತನ್ನೂ ಹೇಳಿತು: ಗಂಡಹೆಂಡತಿ ಇಬ್ಬರನ್ನೂ ಉಗ್ರವಾದಿಗಳೆಂದು ಬಣ್ಣಿಸಿದ ತಪ್ಪು ಮಾಹಿತಿ ಅಮೆರಿಕಕ್ಕೆ ಹೋದದ್ದು ನಮ್ಮದೇ ರಾಷ್ಟ್ರೀಯ ಪೊಲೀಸರಿಂದ. 2007ರ ಜನವರಿಯಲ್ಲಿ ಪ್ರಧಾನಿ ಸ್ಟೀಫನ್ ಹಾರ್ಪರ್ ಕ್ಷಮೆ ಕೇಳಿದರು, 1.05 ಕೋಟಿ ಡಾಲರ್ ಪರಿಹಾರ ಕೊಟ್ಟರು. ಅದೇ ಕಾಲದಲ್ಲಿ ಸಿರಿಯಾದ ಸೆರೆಯಲ್ಲಿ ಹಿಂಸೆ ಅನುಭವಿಸಿದ ಇನ್ನೂ ಮೂವರು ಕೆನಡಾ ಪ್ರಜೆಗಳಿಗೆ ಕ್ಷಮೆಯ ಮಾತು ಸಿಕ್ಕಿದ್ದು 2017ರಲ್ಲಿ. ಕ್ಷಮೆ ಕೇಳುವ ದೊಡ್ಡತನ ಈ ದೇಶಕ್ಕಿದೆ ಎಂಬುದನ್ನು ನಾನು ಮನಸಾರೆ ಗೌರವಿಸುತ್ತೇನೆ, ಎಷ್ಟೋ ದೇಶಗಳಿಗೆ ಅದೂ ಇಲ್ಲ. ಆದರೆ ಕ್ಷಮೆ ಕೇಳಿದವರು ಅದಕ್ಕೆ ಕಾರಣವಾದ ಕೊರತೆಯನ್ನು ಕಾನೂನು ಮಾಡಿ ತುಂಬಲಿಲ್ಲ.

ಝಹರಾ ಕಾಜೆಮಿಯವರ ಕಥೆಯಲ್ಲಿ ಕ್ಷಮೆ ಕೇಳುವವರೂ ಇಲ್ಲ. ಇರಾನಿನ ಶಿರಾಜ್ ನಗರದಲ್ಲಿ ಹುಟ್ಟಿ ಮಾಂಟ್ರಿಯಲ್‌ನಲ್ಲಿ ನೆಲೆಸಿದ್ದ ಈ ಪತ್ರಿಕಾ ಛಾಯಾಗ್ರಾಹಕಿ 2003ರ ಜೂನ್ 23ರಂದು ಟೆಹರಾನಿನ ಎವಿನ್ ಸೆರೆಮನೆಯ ಹೊರಗೆ, ಒಳಗಿದ್ದ ವಿದ್ಯಾರ್ಥಿಗಳಿಗಾಗಿ ಕಾದು ನಿಂತಿದ್ದ ತಂದೆತಾಯಂದಿರ ಚಿತ್ರ ತೆಗೆಯುತ್ತಿದ್ದರು. ಕೆಲಸ ಮಾಡಲು ಅಲ್ಲಿನ ಸರ್ಕಾರವೇ ಕೊಟ್ಟ ಅನುಮತಿ ಅವರ ಬಳಿ ಇತ್ತು. ಅಲ್ಲಿಯೇ ಬಂಧನವಾಯಿತು. ಮೂರು ವಾರ ಕಳೆಯುವುದರೊಳಗೆ ಅವರು ಆಸ್ಪತ್ರೆಯಲ್ಲಿ ತೀರಿಕೊಂಡರು. ಮೆದುಳಿನ ಆಘಾತದಿಂದ ಸತ್ತರು ಎಂದು ಮೊದಲು ಹೇಳಿದ ಇರಾನ್, ಕೆಲವೇ ದಿನಗಳಲ್ಲಿ, ಪೆಟ್ಟಿನಿಂದಾದ ಸಾವು ಎಂದು ಉಪಾಧ್ಯಕ್ಷರ ಬಾಯಿಂದಲೇ ಒಪ್ಪಿಕೊಂಡಿತು. ಅವರನ್ನು ಪರೀಕ್ಷಿಸಿದ್ದ ವೈದ್ಯ ಶಹರಾಮ್ ಅಜಮ್ ಮುಂದೆ ಕೆನಡಾದಲ್ಲಿ ಆಶ್ರಯ ಪಡೆದು, 2005ರಲ್ಲಿ, ತಲೆಬುರುಡೆ ಬಿರಿದದ್ದನ್ನೂ ಬೆರಳುಗಳು ಮುರಿದದ್ದನ್ನೂ ಅತ್ಯಾಚಾರದ ಗುರುತುಗಳನ್ನೂ ತಾನು ಕಂಡೆನೆಂದು ಬಹಿರಂಗವಾಗಿ ಹೇಳಿದರು. ತಾಯಿಯ ಶವವನ್ನು ಮಾಂಟ್ರಿಯಲ್‌ಗೆ ಕಳುಹಿಸಿ ಎಂದು ಮಗ ಬೇಡಿಕೊಂಡರೂ ಕಳುಹಿಸದೆ ಶಿರಾಜಿನಲ್ಲೇ ಹೂತರು. ಕೆನಡಾ ತನ್ನ ರಾಯಭಾರಿಯನ್ನು ವಾಪಸು ಕರೆಸಿಕೊಂಡಿತು. 2004ರಲ್ಲಿ ನಡೆದ ವಿಚಾರಣೆಯಲ್ಲಿ, ನೊಬೆಲ್ ಶಾಂತಿ ಪುರಸ್ಕೃತೆ ಶಿರಿನ್ ಎಬಾದಿಯವರು ಕಾಜೆಮಿ ಕುಟುಂಬದ ಪರವಾಗಿ ವಾದಿಸಿದರೂ, ಆರೋಪಿ ಅಧಿಕಾರಿ ಬಿಡುಗಡೆಯಾದ.

ಆ ಮಗ ಅಷ್ಟಕ್ಕೇ ಬಿಡಲಿಲ್ಲ. ಕ್ವಿಬೆಕ್‌ನ ನ್ಯಾಯಾಲಯದಲ್ಲಿ ಇರಾನ್ ಸರ್ಕಾರದ ವಿರುದ್ಧ ದಾವೆ ಹೂಡಿ, ಕೆಳಗಿನಿಂದ ಮೇಲಿನವರೆಗೆ ಹೋದರು. 2014ರ ಅಕ್ಟೋಬರ್ 10ರಂದು ಕೆನಡಾದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು: ಸ್ಟೇಟ್ ಇಮ್ಯೂನಿಟಿ ಆಕ್ಟ್ ಎಂಬ ಕಾನೂನಿನಂತೆ ಪರದೇಶದ ಸರ್ಕಾರಕ್ಕೆ ನಮ್ಮ ನ್ಯಾಯಾಲಯಗಳಲ್ಲಿ ರಕ್ಷಣೆಯಿದೆ, ಚಿತ್ರಹಿಂಸೆಗೆ ಅದರಲ್ಲಿ ವಿನಾಯಿತಿಯಿಲ್ಲ, ಆದ್ದರಿಂದ ದಾವೆ ನಿಲ್ಲುವುದಿಲ್ಲ. ಏಳು ನ್ಯಾಯಮೂರ್ತಿಗಳಲ್ಲಿ ರೋಸಲಿ ಅಬೆಲ್ಲಾ ಒಬ್ಬರು ಮಾತ್ರ ಬೇರೆ ಅಭಿಪ್ರಾಯ ಬರೆದರು. ಭಯೋತ್ಪಾದನೆಗೆ ಬೆಂಬಲ ಕೊಡುವ ದೇಶಗಳೆಂದು ಪಟ್ಟಿಮಾಡಿದವುಗಳ ಮೇಲೆ ದಾವೆ ಹೂಡಲು ಸಂಸತ್ತು 2012ರಲ್ಲಿ ದಾರಿ ಮಾಡಿಕೊಟ್ಟಿತ್ತು, ಆ ಪಟ್ಟಿಯಲ್ಲಿ ಇರಾನ್ ಕೂಡ ಇದೆ. ಅಂದರೆ ಇರಾನಿನ ಬೆಂಬಲ ಪಡೆದ ಭಯೋತ್ಪಾದಕರಿಂದ ಸತ್ತವರ ಮನೆಯವರು ನ್ಯಾಯಾಲಯದ ಮೆಟ್ಟಿಲು ಹತ್ತಬಹುದು, ಇರಾನಿನ ಸೆರೆಮನೆಯೊಳಗೆ ಅದರ ಅಧಿಕಾರಿಗಳ ಕೈಯಲ್ಲೇ ಸತ್ತವರ ಮನೆಯವರು ಹತ್ತುವಂತಿಲ್ಲ. ಈ ಅಂತರವನ್ನು ಮುಚ್ಚುವ ಅಧಿಕಾರ ಸಂಸತ್ತಿಗಿದೆ ಎಂದು ನ್ಯಾಯಾಲಯವೇ ಹೇಳಿತು. ಅಲ್ಲಿಂದೀಚೆಗೆ ಎಷ್ಟೋ ಅಧಿವೇಶನಗಳು ಕಳೆದಿವೆ.

ಕಾಜೆಮಿಯವರ ವಿಷಯದಲ್ಲಿ ಇರಾನ್ ಹಿಡಿದುಕೊಂಡ ವಾದ ಒಂದೇ: ಆಕೆ ನಮ್ಮ ಪ್ರಜೆ, ಕೆನಡಾಕ್ಕೆ ಇದರಲ್ಲಿ ಏನು ಕೆಲಸ? ಇರಾನಿನ ನಾಗರಿಕ ಸಂಹಿತೆಯ 989ನೆಯ ವಿಧಿಯು, ಅಲ್ಲಿನ ಕ್ರಮವನ್ನು ಪಾಲಿಸದೆ ಇನ್ನೊಂದು ದೇಶದ ಪೌರತ್ವ ಪಡೆದವರ ಆ ಪೌರತ್ವವನ್ನು ಶೂನ್ಯವೆಂದು ಎಣಿಸುತ್ತದೆ. 988ನೆಯ ವಿಧಿಯಂತೆ ಇರಾನಿ ಪೌರತ್ವವನ್ನು ಬಿಡಬೇಕೆಂದರೆ ಮಂತ್ರಿಮಂಡಲದ ಒಪ್ಪಿಗೆ ಬೇಕು. ಅಲ್ಲಿ ಹುಟ್ಟಿದವರು ಆ ದೇಶದ ಪಾಸ್‌ಪೋರ್ಟಿನಲ್ಲೇ ಒಳಗೆ ಹೋಗಬೇಕು, ಬೇರೆ ದಾರಿಯಿಲ್ಲ. ಹೀಗಾಗಿ, ನೀವು ಅವರ ಪಾಸ್‌ಪೋರ್ಟಿನಲ್ಲಿ ಹೋದಿರಲ್ಲ ಎಂದು ಇಲ್ಲಿನವರು ಹೇಳುವ ಮಾತು, ಕೈ ಕಟ್ಟಿಸಿಕೊಂಡವನನ್ನು ಏಕೆ ಈಜಲಿಲ್ಲ ಎಂದು ಕೇಳಿದ ಹಾಗಾಗುತ್ತದೆ. ಅಮ್ಮನಿಗೆ ಹುಷಾರಿಲ್ಲ ಎಂದು ಕರೆ ಬಂದಾಗ ಮಗಳು ಯಾವ ಪಾಸ್‌ಪೋರ್ಟು ಸಿಗುತ್ತದೆಯೋ ಅದರಲ್ಲೇ ಹೊರಡುತ್ತಾಳೆ. ನನ್ನ ಮನೆಯ ಪಕ್ಕದಲ್ಲಿರುವ ಇರಾನಿ ಮೂಲದ ಹೆಂಗಸು ಹಾಗೆ ಹೊರಡಲಿಲ್ಲ. ಹೆದರಿದರು. ತಾಯಿಯ ಅಂತ್ಯಕ್ರಿಯೆಯನ್ನು ಅಡುಗೆಮನೆಯ ಮೇಜಿನ ಮೇಲೆ ಫೋನನ್ನು ಲೋಟಕ್ಕೆ ಒರಗಿಸಿಟ್ಟುಕೊಂಡು ನೋಡಿದರು. ಅವರ ಪಕ್ಕದಲ್ಲಿ ನಾನೂ ನನ್ನ ಹೆಂಡತಿಯೂ ಕುಳಿತಿದ್ದೆವು. ಈ ಪತ್ರ ಬರೆಯಬೇಕೆಂದು ನಿಶ್ಚಯಿಸಿದ್ದು ಅಂದು.

ತಮ್ಮ ಇಲಾಖೆಯ ಕಾನೂನು ತಜ್ಞರು ಇದಕ್ಕೆ 1930ರ ಹೇಗ್ ಒಪ್ಪಂದದ ನಾಲ್ಕನೆಯ ವಿಧಿಯನ್ನು ಮುಂದಿಡಬಹುದು. ಒಬ್ಬ ವ್ಯಕ್ತಿ ಎರಡು ದೇಶಗಳ ಪ್ರಜೆಯಾಗಿದ್ದರೆ ಒಂದು ದೇಶವು ಇನ್ನೊಂದರ ವಿರುದ್ಧ ಅವನ ಪರವಾಗಿ ರಾಜತಾಂತ್ರಿಕ ರಕ್ಷಣೆ ಕೊಡುವಂತಿಲ್ಲ ಎಂದು ಅದು ಹೇಳುತ್ತದೆ. ನಿಯಮ ನಿಜ, ಆದರೆ ಕಾಲ ಅಲ್ಲಿಯೇ ನಿಂತಿಲ್ಲ. ಇರಾನ್ ಮತ್ತು ಅಮೆರಿಕದ ನಡುವಿನ ತಕರಾರುಗಳನ್ನು ಬಗೆಹರಿಸಲು ಹೇಗ್‌ನಲ್ಲಿ ಕುಳಿತ ನ್ಯಾಯಮಂಡಳಿಯೇ 1984ರಲ್ಲಿ, ಎರಡರಲ್ಲಿ ಯಾವ ಪೌರತ್ವ ನಿಜವಾದ ಬಾಳಿಗೆ ಹತ್ತಿರವಾದದ್ದು, ಯಾವುದು ಪ್ರಬಲವಾದದ್ದು ಎಂಬುದನ್ನು ನೋಡಬೇಕೆಂದು ನಿರ್ಧರಿಸಿತು. ವಿಶ್ವಸಂಸ್ಥೆಯ ಅಂತರರಾಷ್ಟ್ರೀಯ ಕಾನೂನು ಆಯೋಗವೂ 2006ರ ತನ್ನ ಕರಡು ವಿಧಿಗಳಲ್ಲಿ ಇದೇ ಅಳತೆಗೋಲನ್ನು ಒಪ್ಪಿಕೊಂಡಿತು. ಮನೆ, ಮಕ್ಕಳು, ತೆರಿಗೆ, ಮತದಾನ, ದುಡಿಮೆ ಎಲ್ಲವೂ ಕೆನಡಾದಲ್ಲಿರುವವಳ ಪ್ರಬಲ ಪೌರತ್ವ ಯಾವುದೆಂದು ಕಂಡುಹಿಡಿಯಲು ಪಾಂಡಿತ್ಯ ಬೇಕಿಲ್ಲ. ಹಳೆಯ ನಿಯಮವನ್ನು ಎದುರಿನ ದೇಶ ಎತ್ತಲಿ, ಅದು ಅವರ ಹಿತ. ನಮ್ಮ ಪರವಾಗಿ ವಾದಿಸಬೇಕಾದವರೇ ಅದನ್ನು ಮೊದಲು ಎತ್ತುವುದೇಕೆ?

ಅದೂ ಅಲ್ಲದೆ, ನಿಯಮ ನಮ್ಮ ಕಡೆಗೇ ಇದ್ದಾಗಲೂ ನಾವು ಸೋತಿದ್ದೇವೆ. ಚೀನಾದ ಕಾಶ್ಗರ್ ಕಡೆಯ ಉಯಿಘರ್ ಸಮುದಾಯದ ಹುಸೇನ್ ಜೆಲಿಲ್ ನಿರಾಶ್ರಿತರಾಗಿ ಕೆನಡಾಕ್ಕೆ ಬಂದು 2005ರಲ್ಲಿ ಪ್ರಜೆಯಾದರು. 2006ರ ಮಾರ್ಚ್‌ನಲ್ಲಿ ಹೆಂಡತಿಯ ತವರಿನವರನ್ನು ನೋಡಲು ಉಜ್ಬೇಕಿಸ್ತಾನಕ್ಕೆ ಹೋದಾಗ ತಾಷ್ಕೆಂಟಿನಲ್ಲಿ ಅವರನ್ನು ಬಂಧಿಸಿ, ಜೂನ್‌ನಲ್ಲಿ ಚೀನಾದ ಕೈಗೆ ಒಪ್ಪಿಸಿದರು. 2007ರ ಏಪ್ರಿಲ್‌ನಲ್ಲಿ ಉರುಮ್ಚಿಯ ನ್ಯಾಯಾಲಯ ಜೀವಾವಧಿ ಶಿಕ್ಷೆ ವಿಧಿಸಿತು. ವಿಚಾರಣೆಗೆ ಕೆನಡಾದ ಅಧಿಕಾರಿಗಳನ್ನು ಒಳಗೆ ಬಿಡಲಿಲ್ಲ. ಅವರ ಕೆನಡಾ ಪೌರತ್ವವನ್ನು ತಾನು ಮಾನ್ಯ ಮಾಡುವುದಿಲ್ಲ ಎಂದಿತು ಚೀನಾ. ಆದರೆ ಚೀನಾದ 1980ರ ಪೌರತ್ವ ಕಾನೂನಿನ 9ನೆಯ ವಿಧಿ ಏನು ಹೇಳುತ್ತದೆ? ಪರದೇಶದಲ್ಲಿ ನೆಲೆಸಿ ಆ ದೇಶದ ಪೌರತ್ವವನ್ನು ಸ್ವಇಚ್ಛೆಯಿಂದ ಪಡೆದವರು ತಾವಾಗಿಯೇ ಚೀನಾದ ಪೌರತ್ವವನ್ನು ಕಳೆದುಕೊಳ್ಳುತ್ತಾರೆ ಎನ್ನುತ್ತದೆ. ಭಾರತದ 1955ರ ಪೌರತ್ವ ಕಾಯ್ದೆಯ 9ನೆಯ ಸೆಕ್ಷನ್‌ನ ತಿರುಳೂ ಇದೇ, ಸಂಖ್ಯೆಯೂ ಅದೇ. ಚೀನಾ ತನ್ನದೇ ಕಾನೂನನ್ನು ತಾನೇ ಮೀರಿದ್ದನ್ನು ಎತ್ತಿ ತೋರಿಸಲು ನಮ್ಮಲ್ಲಿ ಇದಕ್ಕಿಂತ ಗಟ್ಟಿಯಾದ ಆಧಾರ ಬೇಕಿತ್ತೇ?

ಜೆಲಿಲ್ ಅವರು ಸೆರೆ ಸೇರಿ ಹನ್ನೆರಡು ವರ್ಷಗಳಾದ ಮೇಲೆ, 2018ರ ಡಿಸೆಂಬರ್ 10ರಂದು, ಮೈಕೆಲ್ ಕೋವ್ರಿಗ್ ಮತ್ತು ಮೈಕೆಲ್ ಸ್ಪೇವರ್ ಎಂಬ ಇಬ್ಬರು ಕೆನಡಾ ಪ್ರಜೆಗಳನ್ನು ಚೀನಾ ಬಂಧಿಸಿತು. ಹುವಾವೇ ಕಂಪನಿಯ ಮೆಂಗ್ ವಾನ್‌ಝೌ ಅವರನ್ನು ನಾವು ವ್ಯಾಂಕೂವರ್‌ನಲ್ಲಿ ತಡೆದದ್ದಕ್ಕೆ ಅದು ಸೇಡು. ಆ ಸಾವಿರಕ್ಕೂ ಹೆಚ್ಚು ದಿನಗಳಲ್ಲಿ ಈ ದೇಶ ಅವರನ್ನು ಒಂದು ದಿನವೂ ಮರೆಯಲಿಲ್ಲ. ಪ್ರಧಾನಿ ಮಾತನಾಡಿದರು, ಮಿತ್ರದೇಶಗಳು ಮಾತನಾಡಿದವು, ಬೀಜಿಂಗ್‌ನ ನ್ಯಾಯಾಲಯದ ಹೊರಗೆ ಇಪ್ಪತ್ತಕ್ಕೂ ಹೆಚ್ಚು ದೇಶಗಳ ರಾಜತಾಂತ್ರಿಕರು ಬಂದು ನಿಂತರು. 2021ರ ಸೆಪ್ಟೆಂಬರ್‌ನಲ್ಲಿ ಅವರು ಕ್ಯಾಲ್ಗರಿಯಲ್ಲಿ ವಿಮಾನದಿಂದ ಇಳಿದಾಗ ಪ್ರಧಾನಿಯೇ ಎದುರುಗೊಂಡರು. ಆ ದೃಶ್ಯವನ್ನು ಕಂಡು ನಮ್ಮ ಮನೆಯಲ್ಲೂ ಕಣ್ಣು ತುಂಬಿತ್ತು. ಅವರಿಗೆ ಸಿಕ್ಕಿದ್ದು ಹೆಚ್ಚಾಯಿತು ಎಂದು ನಾನು ಯಾವತ್ತೂ ಹೇಳಲಾರೆ. ಆ ಇಬ್ಬರಿಗೆ ಸಿಕ್ಕಿದ್ದೇ ಅಳತೆ, ಜೆಲಿಲ್‌ಗೂ ಅದೇ ಅಳತೆಯಲ್ಲಿ ಸಿಗಬೇಕಿತ್ತು ಎನ್ನುತ್ತೇನೆ. ಈ ದೇಶದಲ್ಲಿ ಕೋವ್ರಿಗ್ ಮತ್ತು ಸ್ಪೇವರ್ ಅವರ ಹೆಸರು ಮಕ್ಕಳಿಗೂ ಗೊತ್ತಾಗಿತ್ತು. ಜೆಲಿಲ್ ಅವರ ಹೆಸರನ್ನು ನನ್ನ ಕನ್ನಡ ಬಳಗದಲ್ಲಿ ಕೇಳಿ ನೋಡಿದೆ, ಬಲ್ಲವರು ಒಬ್ಬರೂ ಸಿಗಲಿಲ್ಲ.

ಪರದೇಶದ ಸರ್ಕಾರಗಳ ಹಟಮಾರಿತನ ಒಂದು ಕಡೆ ಇರಲಿ, ನಮ್ಮವರೇ ಕೈಬಿಟ್ಟ ಎರಡು ಸಂಗತಿಗಳನ್ನು ಇಲ್ಲಿ ಹೇಳದೆ ಇರಲಾರೆ. ಸುಡಾನ್ ಮೂಲದ ಮಾಂಟ್ರಿಯಲ್ ನಿವಾಸಿ ಅಬುಸುಫಿಯಾನ್ ಅಬ್ದೆಲ್‌ರಾಜಿಕ್ 2003ರಲ್ಲಿ ಕಾಯಿಲೆಯ ತಾಯಿಯನ್ನು ನೋಡಲು ಹೋದವರು, ಅಲ್ಲಿ ಸೆರೆಯಾಗಿ ಹಿಂಸೆಗೊಳಗಾಗಿ, ಬಿಡುಗಡೆಯಾದ ಮೇಲೂ ಪಾಸ್‌ಪೋರ್ಟ್ ಸಿಗದೆ, ಒಂದು ವರ್ಷಕ್ಕೂ ಹೆಚ್ಚು ಕಾಲ ಖಾರ್ಟೂಮಿನ ಕೆನಡಾ ರಾಯಭಾರ ಕಚೇರಿಯಲ್ಲಿಯೇ ಮಲಗಿ ಎದ್ದು ಬದುಕಿದರು. ಕೆನಡಾದ ಜನಸಾಮಾನ್ಯರು ಚಂದಾ ಎತ್ತಿ ಅವರಿಗೆ ಟಿಕೆಟ್ ಕೊಂಡರೆ, ವಿಮಾನ ಹೊರಡುವ ಮೊದಲು ಸರ್ಕಾರ ಪ್ರಯಾಣದ ಕಾಗದವನ್ನು ನಿರಾಕರಿಸಿತು. 2009ರ ಜೂನ್‌ನಲ್ಲಿ ನ್ಯಾಯಮೂರ್ತಿ ರಸೆಲ್ ಝಿನ್ ಅವರು, ಅವರ ಬಂಧನದಲ್ಲಿ ಕೆನಡಾದ ಗುಪ್ತಚರ ಸಂಸ್ಥೆಯ ಕೈಯೂ ಇತ್ತೆಂದು ಹೇಳಿ, ಅವರನ್ನು ಕರೆತರಲೇಬೇಕೆಂದು ಆದೇಶಿಸಿದ ಮೇಲಷ್ಟೇ ಅವರು ಮನೆ ಸೇರಿದರು. ಅದೇ 2009ರಲ್ಲಿ ಸೊಮಾಲಿ ಮೂಲದ ಟೊರೊಂಟೊ ಮಹಿಳೆಯೊಬ್ಬರನ್ನು ನೈರೋಬಿಯ ನಿಲ್ದಾಣದಲ್ಲಿ, ತುಟಿಗಳು ಪಾಸ್‌ಪೋರ್ಟಿನ ಚಿತ್ರಕ್ಕೆ ಹೊಂದುವುದಿಲ್ಲವೆಂದು ತಡೆದಾಗ, ನಮ್ಮ ಹೈಕಮಿಷನ್ ಆಕೆಯನ್ನು ನಂಬದೆ ಪಾಸ್‌ಪೋರ್ಟನ್ನು ರದ್ದುಮಾಡಿ ಕೀನ್ಯಾದ ಅಧಿಕಾರಿಗಳಿಗೆ ಒಪ್ಪಿಸಿತು. ಆಕೆ ಜೈಲು ಕಂಡರು. ಡಿಎನ್‌ಎ ಪರೀಕ್ಷೆಯಲ್ಲಿ ಟೊರೊಂಟೊದಲ್ಲಿದ್ದ ಮಗನಿಗೆ ತಾಯಿ ಇವರೇ ಎಂದು ಸಾಬೀತಾಗುವವರೆಗೆ, ಸುಮಾರು ಮೂರು ತಿಂಗಳು, ಮನೆಗೆ ಬರಲಾಗಲಿಲ್ಲ.

ಇಷ್ಟೆಲ್ಲ ಆಗಲು ಆಸ್ಪದವಿರುವುದು ಒಂದೇ ಕಾರಣದಿಂದ. ಪರದೇಶದಲ್ಲಿ ಸಿಕ್ಕಿಬಿದ್ದ ಪ್ರಜೆಗೆ ನೆರವಾಗುವುದನ್ನು ಕೆನಡಾದಲ್ಲಿ ಸರ್ಕಾರದ ವಿವೇಚನೆಗೆ ಬಿಡಲಾಗಿದೆ. ಅದು ಅರಸೊತ್ತಿಗೆಯ ಕಾಲದಿಂದ ಉಳಿದುಬಂದ ವಿಶೇಷಾಧಿಕಾರ, ಪ್ರಜೆಯ ಹಕ್ಕಲ್ಲ. ಗ್ವಾಂಟನಾಮೊದಲ್ಲಿ ಅಮೆರಿಕದ ಸೆರೆಯಲ್ಲಿದ್ದ ಕೆನಡಾ ಪ್ರಜೆ ಒಮರ್ ಖದ್ರ್ ಪ್ರಕರಣದಲ್ಲಿ, 2010ರಲ್ಲಿ, ಸುಪ್ರೀಂ ಕೋರ್ಟ್ ಆತನ ಮೂಲಭೂತ ಹಕ್ಕುಗಳು ಉಲ್ಲಂಘನೆಯಾಗಿವೆ ಎಂದು ಘೋಷಿಸಿಯೂ, ಆತನನ್ನು ವಾಪಸು ಕೇಳಬೇಕೆಂದು ಸರ್ಕಾರಕ್ಕೆ ಆದೇಶಿಸಲು ಹಿಂಜರಿದದ್ದು ಈ ವಿಶೇಷಾಧಿಕಾರದ ಕಾರಣದಿಂದಲೇ. ವಿವೇಚನೆ ಇರುವಲ್ಲಿ ಒಲವು ಇರುತ್ತದೆ. ಯಾರ ಮುಖ, ಯಾರ ಹೆಸರು, ಯಾರ ಉಚ್ಚಾರಣೆ ತನಗೆ ಪರಿಚಿತವೋ ಅವರ ಕಡೆಗೆ ಅಧಿಕಾರಿಯ ಮನಸ್ಸು, ಅವನು ಎಷ್ಟೇ ಒಳ್ಳೆಯವನಾದರೂ, ಬೇಗ ಓಡುತ್ತದೆ. ಎರಡು ಪೌರತ್ವ ಇರುವವರಿಗೆ ನೆರವು ಸೀಮಿತವಾಗಬಹುದು ಎಂದು ತಮ್ಮ ಇಲಾಖೆ ಪ್ರಯಾಣಿಕರಿಗೆ ಎಚ್ಚರಿಕೆ ಕೊಡುತ್ತದೆ. ಎಷ್ಟು ಸೀಮಿತ, ಯಾರು ಸೀಮಿತಗೊಳಿಸುವವರು, ಎದುರಿನ ದೇಶವೋ ನಾವೋ ಎಂಬುದನ್ನು ಮಾತ್ರ ಬಿಡಿಸಿ ಹೇಳುವುದಿಲ್ಲ. ನಮ್ಮ ಕಡೆ ಇಂಥ ಮಾತಿಗೆ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಎನ್ನುತ್ತಾರೆ.

ಎರಡು ದೋಣಿಗಳ ಮೇಲೆ ಕಾಲಿಟ್ಟವರು ಮುಳುಗಿದರೆ ಯಾರು ಹೊಣೆ ಎಂದು ಕೇಳುವವರಿದ್ದಾರೆ, ಕನ್ನಡಿಗರಲ್ಲೂ ಇದ್ದಾರೆ. ಅವರಿಗೆ ನನ್ನ ಉತ್ತರವಿಷ್ಟು. 1977ರ ಫೆಬ್ರುವರಿ 15ರಿಂದ ಕೆನಡಾ ತನ್ನ ಪ್ರಜೆಗಳಿಗೆ ಇನ್ನೊಂದು ಪೌರತ್ವ ಇಟ್ಟುಕೊಳ್ಳಲು ಕಾನೂನಿನಲ್ಲಿಯೇ ಅವಕಾಶ ಕೊಟ್ಟಿದೆ. ಎರಡು ಪೌರತ್ವ ಇರುವವರನ್ನು ಕೆಳದರ್ಜೆಗೆ ಇಳಿಸುವಂತೆ, ಕೆಲವು ಅಪರಾಧಗಳಿಗೆ ಅವರ ಪೌರತ್ವವನ್ನೇ ಕಿತ್ತುಕೊಳ್ಳಲು 2014ರಲ್ಲಿ ತಂದ ಕಾನೂನನ್ನು, ಕೆನಡಾದವನೆಂದರೆ ಕೆನಡಾದವನೇ ಎಂದು 2015ರ ಚುನಾವಣೆಯಲ್ಲಿ ಸಾರಿದ ಜಸ್ಟಿನ್ ಟ್ರುಡೊ ಅವರ ಸರ್ಕಾರ 2017ರಲ್ಲಿ ತೆಗೆದುಹಾಕಿತು. ಜನರ ಒಪ್ಪಿಗೆಯಿಂದಲೇ ತೆಗೆದುಹಾಕಿತು. ಎರಡನೆಯ ದೋಣಿಯನ್ನು ಎಷ್ಟೋ ಮಂದಿ ಆರಿಸಿಕೊಂಡವರೂ ಅಲ್ಲ, ಅದರಲ್ಲಿ ಹುಟ್ಟಿದವರು. ಇರಾನಿ ತಂದೆಗೆ ಟೊರೊಂಟೊದಲ್ಲಿ ಹುಟ್ಟಿದ ಮಗು ಆ ದೇಶದ ಕಾನೂನಿನಂತೆ ಇರಾನಿಯೇ.

ಇದರಲ್ಲಿ ಕನ್ನಡಿಗರಿಗೆ ಏನು ಸಂಬಂಧ ಎಂದು ನನ್ನ ಗೆಳೆಯರೂ ಕೇಳಿದ್ದಾರೆ. ಭಾರತ, ಮೇಲೆ ಹೇಳಿದ ಪೌರತ್ವ ಕಾಯ್ದೆಯ 9ನೆಯ ಸೆಕ್ಷನ್ನಿನಂತೆ, ಎರಡು ಪೌರತ್ವವನ್ನು ಒಪ್ಪುವುದಿಲ್ಲ. ಕೆನಡಾದ ಪ್ರ‌ಜೆಗಳಾದ ನಾವು ಭಾರತದ ಪಾಸ್‌ಪೋರ್ಟನ್ನು ಹಿಂದಿರುಗಿಸಿ, ಓಸಿಐ (ಓವರ್‌ಸೀಸ್ ಸಿಟಿಜನ್ ಆಫ್ ಇಂಡಿಯಾ) ಕಾರ್ಡು ಹಿಡಿದು ಊರಿಗೆ ಹೋಗಿಬರುತ್ತೇವೆ. ಆ ಕಾರ್ಡಿನ ಹೆಸರಿನಲ್ಲಿ ನಾಗರಿಕ ಎಂಬ ಮಾತಿದ್ದರೂ ಕಾನೂನಿನ ಕಣ್ಣಿಗೆ ನಾವು ಅಲ್ಲಿ ವಿದೇಶಿಯರು. ಹಾಗಾಗಿ ಹೇಗ್ ಒಪ್ಪಂದದ ತೊಡಕು ನಮಗೆ ಊರಿನ ದಾರಿಯಲ್ಲಿ ಎದುರಾಗದು, ನಿಜ. ಪೌರತ್ವ ಒಂದೇ ಇದ್ದಾಗ ಕಾನೂನು ಎಷ್ಟು ಬಿಗಿಯಾಗಿ ನಿಲ್ಲುತ್ತದೆ ಎಂಬುದನ್ನು ಭಾರತವೇ ತೋರಿಸಿಕೊಟ್ಟಿದೆ: ಕುಲಭೂಷಣ ಜಾಧವ್ ಅವರಿಗೆ ದೂತಾವಾಸದ ನೆರವು ಸಿಗದಂತೆ ಮಾಡಿದ ಪಾಕಿಸ್ತಾನವು 1963ರ ವಿಯೆನ್ನಾ ಒಪ್ಪಂದದ 36ನೆಯ ವಿಧಿಯನ್ನು ಮುರಿದಿದೆ ಎಂದು ಅಂತರರಾಷ್ಟ್ರೀಯ ನ್ಯಾಯಾಲಯ 2019ರ ಜುಲೈ 17ರಂದು ತೀರ್ಪು ನೀಡಿತು. ಆದರೆ ಅರಾರ್ ಅವರನ್ನು ಹಿಡಿದದ್ದು ಸಿರಿಯಾದಲ್ಲಿ ಅಲ್ಲ, ನ್ಯೂಯಾರ್ಕಿನಲ್ಲಿ. ಜೆಲಿಲ್ ಅವರನ್ನು ಹಿಡಿದದ್ದು ಚೀನಾದಲ್ಲಿ ಅಲ್ಲ, ತಾಷ್ಕೆಂಟಿನಲ್ಲಿ. ಭಟ್ಕಳ, ಮಂಗಳೂರು ಕಡೆಯಿಂದ ಕೊಲ್ಲಿ ದೇಶಗಳಿಗೆ ಹೋಗಿ, ಅಲ್ಲಿಂದ ಇಲ್ಲಿಗೆ ಬಂದ ಕುಟುಂಬಗಳು ನಮ್ಮಲ್ಲಿವೆ, ಅವರ ಬಂಧುಗಳು ಇನ್ನೂ ಅಲ್ಲಿದ್ದಾರೆ. ಬೆಂಗಳೂರು, ಮೈಸೂರುಗಳ ಕಾಲೇಜುಗಳಲ್ಲಿ ನಮ್ಮ ಜೊತೆ ಓದಿದ ಇರಾನಿ ಸಹಪಾಠಿಗಳನ್ನು ನೆನೆದುಕೊಳ್ಳಿ. ಇರಾನಿ ಗಂಡನ್ನು ಮದುವೆಯಾದ ಬೇರೆ ದೇಶದ ಹೆಣ್ಣನ್ನು ಆ ದೇಶದ ನಾಗರಿಕ ಸಂಹಿತೆಯ 976ನೆಯ ವಿಧಿ ಇರಾನಿಯೆಂದೇ ಎಣಿಸುತ್ತದೆ. ಬಸವನಗುಡಿಯಲ್ಲಿ ಬೆಳೆದು ಕೆನಡಾದಲ್ಲಿ ಬಾಳುವ ಹೆಣ್ಣುಮಗಳೊಬ್ಬಳು ಹಾಗೆ ಮದುವೆಯಾದರೆ, ತಾನು ಎಂದೂ ಕಾಣದ ದೇಶದ ಪ್ರಜೆಯಾಗಿರುತ್ತಾಳೆ, ಅತ್ತೆ ಮಾವಂದಿರನ್ನು ನೋಡಲು ಹೋದ ದಿನ ಅದರ ಅರ್ಥ ತಿಳಿಯುತ್ತದೆ.

ಆದ್ದರಿಂದ ತಮ್ಮಲ್ಲಿ ನಾನು ಕೇಳುವುದು ಕರುಣೆಯನ್ನಲ್ಲ. ಪರದೇಶದಲ್ಲಿ ಬಂಧನಕ್ಕೊಳಗಾದ ಪ್ರತಿಯೊಬ್ಬ ಕೆನಡಾ ಪ್ರಜೆಗೂ ದೂತಾವಾಸದ ನೆರವು ಹಕ್ಕಾಗಿ ಸಿಗುವಂತೆ ಒಂದು ಕಾಯ್ದೆ ಬರಬೇಕು, ಇನ್ನೊಂದು ಪೌರತ್ವವಿದೆ ಎಂಬುದು ನಮ್ಮ ಪ್ರಯತ್ನವನ್ನು ತಗ್ಗಿಸಲು ನೆಪವಾಗಬಾರದೆಂದು ಅದರಲ್ಲಿ ಬರೆದಿರಬೇಕು. ನೆರವು ಕೊಡದಿದ್ದರೆ ಸಚಿವರು ಬರಹದಲ್ಲಿ ಕಾರಣ ಕೊಡಬೇಕು, ಆ ಕಾರಣವನ್ನು ನ್ಯಾಯಾಲಯ ಪರಿಶೀಲಿಸುವಂತಿರಬೇಕು. ಇದು ಎಲ್ಲೂ ಇಲ್ಲದ ಹೊಸ ವಿಚಾರವಲ್ಲ, ಜರ್ಮನಿ ತನ್ನ ದೂತಾವಾಸಗಳ ಕರ್ತವ್ಯಗಳನ್ನು 1974ರಲ್ಲೇ ಕಾಯ್ದೆಯಲ್ಲಿ ಬರೆದಿಟ್ಟಿದೆ. ಕಾನೂನು ಮಾಡಿದ ಮಾತ್ರಕ್ಕೆ ಟೆಹರಾನಿನ ಬಾಗಿಲು ತೆರೆಯುವುದಿಲ್ಲ ಎಂದು ಬಲ್ಲೆ. 2012ರಲ್ಲಿ ನಾವು ಅಲ್ಲಿನ ರಾಯಭಾರ ಕಚೇರಿಯನ್ನು ಮುಚ್ಚಿದ ಮೇಲೆ ಬಾಗಿಲು ತಟ್ಟಲೂ ನಮ್ಮವರು ಅಲ್ಲಿಲ್ಲ. ಆದರೂ 2016ರಲ್ಲಿ ಮಾಂಟ್ರಿಯಲ್‌ನ ಪ್ರಾಧ್ಯಾಪಕಿ ಹೋಮಾ ಹೂಡ್‌ಫರ್ ಅವರನ್ನು ಎವಿನ್ ಸೆರೆಮನೆಯಿಂದ 112 ದಿನಗಳಲ್ಲಿ ಬಿಡಿಸಿಕೊಂಡು ಬಂದೆವು, ಒಮಾನ್ ಮತ್ತು ಇಟಲಿಯ ನೆರವು ಪಡೆದು ಬಿಡಿಸಿದೆವು. ಮನಸ್ಸು ಮಾಡಿದಾಗ ದಾರಿ ಕಂಡಿತು. ಎಲ್ಲರಿಗಾಗಿಯೂ ಮನಸ್ಸು ಮಾಡಲೇಬೇಕಾದ ಹೊಣೆ ಕಾನೂನಿನಿಂದ ಬರಲಿ. ಚಿತ್ರಹಿಂಸೆಗೆ ಒಳಗಾದವರು ಹಿಂಸಿಸಿದ ಸರ್ಕಾರದ ಮೇಲೆ ಇಲ್ಲಿ ದಾವೆ ಹೂಡುವಂತೆ ಪರದೇಶದ ಸರ್ಕಾರಗಳಿಗೆ ರಕ್ಷಣೆ ಕೊಡುವ ಸ್ಟೇಟ್ ಇಮ್ಯೂನಿಟಿ ಆಕ್ಟ್‌ಗೆ ಒಂದು ವಿನಾಯಿತಿಯ ಕಲಮನ್ನು ಸೇರಿಸಲು ಸಂಸತ್ತಿಗೆ ತಾವೇ ಮಸೂದೆ ತನ್ನಿ. ರಾಜತಾಂತ್ರಿಕ ಚೌಕಾಸಿಗಾಗಿ ಜನರನ್ನು ಒತ್ತೆಯಿಡುವುದರ ವಿರುದ್ಧ ಕೆನಡಾವೇ ಮುಂದೆ ನಿಂತು ಹತ್ತಾರು ದೇಶಗಳಿಂದ ಘೋಷಣೆಗೆ ಸಹಿ ಹಾಕಿಸಿದ್ದೂ ಒಂದು ಫೆಬ್ರುವರಿ 15ರಂದೇ, 2021ರಲ್ಲಿ. ಲೋಕಕ್ಕೆ ಆ ಮಾತು ಹೇಳಿದ ದೇಶವು ತನ್ನ ಮನೆಯಲ್ಲಿ ಅದನ್ನು ಕಾಯ್ದೆಯಾಗಿಸಲು ಹಿಂಜರಿಯಬೇಕಾಗಿಲ್ಲ.

ಕೊನೆಯದಾಗಿ, ಕಾಯ್ದೆಗೆ ಕಾಯದೆ ತಾವು ಈಗಲೇ ಮಾಡಬಹುದಾದ ಒಂದು ಕೆಲಸವಿದೆ. ಹುಸೇನ್ ಜೆಲಿಲ್ ಅವರ ಶಿಕ್ಷೆಯನ್ನು 2016ರಲ್ಲಿ ಸುಮಾರು ಇಪ್ಪತ್ತು ವರ್ಷಕ್ಕೆ ಇಳಿಸಿದರೆಂದು ಸುದ್ದಿ ಬಂದಿತ್ತು. ಅವರನ್ನು ಬಂಧಿಸಿದಾಗ ಹೆಂಡತಿ ಬಸುರಿಯಾಗಿದ್ದರು. ಆ ಮಗು ಒಂಟಾರಿಯೊದಲ್ಲಿ ತಂದೆಯ ಮುಖವನ್ನೇ ಕಾಣದೆ ಬೆಳೆದು ಪ್ರಾಯಕ್ಕೆ ಬಂದಿದೆ. ತಮ್ಮ ಇಲಾಖೆ ಅವರ ವಿಷಯದಲ್ಲಿ ಇದುವರೆಗೆ ಚೀನಾಕ್ಕೆ ಎಷ್ಟು ಬಾರಿ ಬರೆಯಿತು, ಯಾವಾಗ ಬರೆಯಿತು, ಏನು ಉತ್ತರ ಬಂತು ಎಂಬುದನ್ನೆಲ್ಲ ಒಂದು ಕಾಗದದಲ್ಲಿ ಬರೆದು, ತಮ್ಮ ಸಹಿ ಹಾಕಿ, ಆ ಮನೆಗೆ ಈ ತಿಂಗಳೊಳಗೆ ಕಳುಹಿಸಿಕೊಡಿ ಎಂದು ಕೇಳಿಕೊಳ್ಳುತ್ತೇನೆ.

ತಮ್ಮ ಉತ್ತರದ ನಿರೀಕ್ಷೆಯಲ್ಲಿ,

ಇಂತಿ ತಮ್ಮ ವಿಶ್ವಾಸಿ,
ತೀರ್ಥಹಳ್ಳಿಯಲ್ಲಿ ಹುಟ್ಟಿದ, ಒಂಟಾರಿಯೊದಲ್ಲಿ ಮತ ಹಾಕುವ ಒಬ್ಬ ಕೆನಡಾ ಪ್ರಜೆ